ಪಕ್ಷಗಳ ದೇಣಿಗೆ ಕಾನೂನಿನಲ್ಲಿ ಒಳ್ಳೆಯದೂ ಕೆಟ್ಟದ್ದೂ ಸೇರಿದ್ದರೆ ಸಂಘಟನೆಗಳು ಬೆಂಬಲಿಸಬೇಕೋ ವಿರೋಧಿಸಬೇಕೋ?

ಇದೇ ಪ್ರಶ್ನೆ ಇಟ್ಟುಕೊಂಡು ನಾವು ಸಾಗರದಲ್ಲಿ ಒಂದಿಡೀ ಸಂಜೆ ಜಗಳ ಆಡಿದ್ದೇವೆ. ಮತದಾರರ ಜಾಗೃತಿಗೆ ಅಂತ ಮಾಡಿಕೊಂಡ ಏಳೆಂಟು ಜನರ ಗುಂಪು ನಮ್ಮದು. ಲೆಟರ್‌ಹೆಡ್ ಒಂದಿದೆ, ಅಷ್ಟೇ.

2017ರ ಹಣಕಾಸು ಕಾಯ್ದೆ ಬಂದಾಗಿನ ಮಾತು. ಪಕ್ಷಗಳು 2,000 ರೂಪಾಯಿಗಿಂತ ಜಾಸ್ತಿ ದೇಣಿಗೆಯನ್ನು ನಗದಾಗಿ ತಗೊಂಡರೆ ತೆರಿಗೆ ವಿನಾಯಿತಿ ಇಲ್ಲ ಅಂತ ಅದರಲ್ಲಿತ್ತು. ಒಳ್ಳೆಯದೇ ಅಲ್ವಾ? ಆದರೆ ಅದೇ ಕಾಯ್ದೆ ಚುನಾವಣಾ ಬಾಂಡಿಗೂ, ಅಂದರೆ ಬ್ಯಾಂಕಿನಲ್ಲಿ ಕೊಂಡು ಪಕ್ಷಕ್ಕೆ ದೇಣಿಗೆಯಾಗಿ ಕೊಡುವ ಪತ್ರಕ್ಕೂ, ದಾರಿ ಮಾಡಿತು. ಕೊಟ್ಟವರ ಹೆಸರು ಜನರಿಗೆ ಗೊತ್ತಾಗುವ ಹಾಗಿರಲಿಲ್ಲ. ಕಂಪನಿಗಳ ದೇಣಿಗೆಗೆ ಇದ್ದ, ಮೂರು ವರ್ಷದ ಸರಾಸರಿ ಲಾಭದ 7.5% ಎಂಬ ಮಿತಿಯೂ ಹೋಯಿತು.

"2,000ದ ಮಿತಿಯನ್ನು ಸ್ವಾಗತಿಸಿ ಪತ್ರ ಬರೆಯೋಣ. ಎಲ್ಲದಕ್ಕೂ ಬೇಡ ಅಂದರೆ ನಾಳೆ ನಮ್ಮ ಮಾತು ಯಾರು ಕೇಳ್ತಾರೆ?" ಅಂದರು ನಮ್ಮ ಮೇಷ್ಟ್ರು. ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವ ಗೆಳೆಯ ನಕ್ಕ. ಮಂಡಕ್ಕಿ ಕಟ್ಟಿದ್ದ ಕಾಗದ ಬಿಡಿಸಿ, ಎಣ್ಣೆ ಹತ್ತದ ಮೂಲೆಯಲ್ಲಿ ಬರೆದು ತೋರಿಸಿದ: 20,000ಕ್ಕೆ ಒಂದು ರಸೀದಿಯ ಬದಲು 2,000ದ ಹತ್ತು ರಸೀದಿ, ಹತ್ತು ಹೆಸರು. "ಬಿಲ್ ಒಡೆಯೋದು ಯಾರಿಗೆ ಹೊಸದು ಮೇಷ್ಟ್ರೇ?"

ನಾನು ಅಲ್ಲೇ ವಿರೋಧದ ಕಡೆ ವಾಲಿದೆ. ಮಿತಿ ಸರಿಯಿಲ್ಲದಿದ್ದರೆ ಮುಂದೆ ತಿದ್ದಬಹುದು. ಹೆಸರೇ ಮುಚ್ಚಿಟ್ಟರೆ ತಪ್ಪು ತೋರಿಸುವುದಕ್ಕೂ ಕೈಯಲ್ಲಿ ಏನೂ ಇರುವುದಿಲ್ಲ. ಹೆಸರು ಹೊರಬಂದರೆ ಗೆದ್ದ ಪಕ್ಷ ಕಾಟ ಕೊಡುತ್ತದೆ ಎಂಬ ಹೆದರಿಕೆ ಸುಳ್ಳಲ್ಲ, ನಮ್ಮ ಪೇಟೆಯ ಅಂಗಡಿಯವರನ್ನೇ ಕೇಳಿ. ಆದರೆ 20,000ದವರೆಗೆ ಕೊಟ್ಟವರ ಹೆಸರನ್ನು ಪಕ್ಷ ಚುನಾವಣಾ ಆಯೋಗಕ್ಕೆ ತಿಳಿಸಬೇಕಾಗಿಯೇ ಇರಲಿಲ್ಲ. ಕೋಟಿ ಕೊಡುವವರಿಗೂ ಅದೇ ಮರೆ ಯಾಕೆ?

ಚುನಾವಣಾ ಸುಧಾರಣೆಗೆ ದುಡಿಯುವ ಎಡಿಆರ್, ಸಾರ್ವಜನಿಕ ಹಿತಕ್ಕೆ ದಾವೆ ಹೂಡುವ ಕಾಮನ್ ಕಾಸ್‌ನಂಥ ಸಂಘಟನೆಗಳು 2017ರಲ್ಲೇ ಕೋರ್ಟಿಗೆ ಹೋದವು. ಸಂಸತ್ತಿನಲ್ಲಿ ಕಾಯ್ದೆ ಅಂದರೆ ಅಡಿಕೆ ಗೊನೆ ಇದ್ದ ಹಾಗೆ, ಇಡೀ ಗೊನೆ ತಗೋಬೇಕು, ಇಲ್ಲ ಬಿಡಬೇಕು. ಕೋರ್ಟಿನಲ್ಲಿ ಕೊಳೆ ಹಿಡಿದ ಕಾಯಿ ಮಾತ್ರ ಆರಿಸಿ ತೆಗೆಸಬಹುದು. ಆಗಿದ್ದೂ ಹಾಗೇ. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟ್ ಬಾಂಡ್ ರದ್ದು ಮಾಡಿತು, ಕಂಪನಿಗಳ ಮಿತಿ ತೆಗೆದದ್ದೂ ತಪ್ಪು ಅಂದಿತು. 2,000ದ ನಿಯಮ ಉಳಿಯಿತು. ಆದರೆ ಅಷ್ಟರೊಳಗೆ ಒಂದು ಲೋಕಸಭೆ ಚುನಾವಣೆ ಮುಗಿದು, ಬಾಂಡ್ ಮೂಲಕ 16,000 ಕೋಟಿಗೂ ಜಾಸ್ತಿ ಹಣ ಪಕ್ಷಗಳಿಗೆ ಸೇರಿಯಾಗಿತ್ತು. ಕಾಯುವುದಕ್ಕೆ ತೆತ್ತ ಬೆಲೆ ಅದು. ಸಣ್ಣದಲ್ಲ.

ಮಾರ್ಚ್‌ನಲ್ಲಿ ಬಾಂಡ್ ಕೊಂಡವರ ಪಟ್ಟಿ ಹೊರಬಂದ ದಿನ ಮೇಷ್ಟ್ರು ಫೋನ್ ಮಾಡಿದ್ದರು. "ಬ್ಯಾಂಕಲ್ಲಿ ದಾಖಲೆ ಇತ್ತು, ಅದಕ್ಕೆ ಸಿಕ್ತು. ನಗದಾಗಿದ್ದರೆ ಯಾವ ಪಟ್ಟಿ ನೋಡ್ತಿದ್ದೆ ಮಾರಾಯ?"