ಗುಡ್ಡೆಗೆ ಬರುವುದಾದರೆ ರಬ್ಬರ್ ತೋಟದ ದಾರಿಯಲ್ಲೇ ಬನ್ನಿ

ನೀವು ಕೇಳಿದ್ದು ಎರಡು ಪ್ರಶ್ನೆ. ಕಾಸರಗೋಡು ಕೇರಳದಲ್ಲಿದೆ, ಅಲ್ಲಿ ಕನ್ನಡದವರ ಬದುಕು ಹೇಗೆ ಅಂತ ಒಂದು. ಪೊಸಡಿ ಗುಂಪೆ ಗುಡ್ಡೆ ಹತ್ತಬೇಕು, ಯಾವಾಗ ಬರಲಿ ಅಂತ ಇನ್ನೊಂದು. ಎರಡಕ್ಕೂ ಸೇರಿಸಿಯೇ ಉತ್ತರ ಬರೆಯುತ್ತೇನೆ. ಯಾಕೆಂದರೆ ನಮ್ಮ ಊರು ಅರ್ಥವಾಗಬೇಕಿದ್ದರೆ ಆ ಗುಡ್ಡೆಯನ್ನು ಬುಡದ ಬೈಲಿನಿಂದ ನಡೆದೇ ಹತ್ತಬೇಕು. ಹೆಚ್ಚಿನವರು ಧರ್ಮತ್ತಡ್ಕದ ಕಡೆಯಿಂದ ಬೈಕು, ಕಾರಿನಲ್ಲಿ ಆದಷ್ಟು ಮೇಲೆ ಬಂದು, ತುದಿಯಲ್ಲಿ ಅರ್ಧ ಗಂಟೆ ನಿಂತು, ಫೋಟೊ ತೆಗೆದುಕೊಂಡು ಹೋಗುತ್ತಾರೆ. ಗಾಳಿ, ಹುಲ್ಲು, ದೂರದ ಸಮುದ್ರ ಎಲ್ಲ ಸಿಗುತ್ತದೆ. ಅದೂ ಚೆಂದವೇ. ಆದರೆ ನಾವು ಬದುಕುವುದು ಮಧ್ಯದ ಇಳಿಜಾರಿನಲ್ಲಿ.

ನಾವು ಗೆಳೆಯರು ಹೋಗುವುದು ಸೋಣ ತಿಂಗಳಲ್ಲಿ, ಅಂದರೆ ಆಗಸ್ಟ್ ಅರ್ಧ ಕಳೆದ ಮೇಲೆ. ಅದಕ್ಕೆ ಮೊದಲಿನ ಆಟಿ ತಿಂಗಳ ಜಡಿಮಳೆ ಅಷ್ಟು ಹೊತ್ತಿಗೆ ಸ್ವಲ್ಪ ಬಿಡುವು ಕೊಟ್ಟಿರುತ್ತದೆ. ಒಬ್ಬ ಶಾಲೆ ಮಾಸ್ಟ್ರು, ಒಬ್ಬ ಅಡಿಕೆ ಕೃಷಿಕ, ಉಪ್ಪಳದಲ್ಲಿ ಅಂಗಡಿ ಇಟ್ಟಿರುವ ಬ್ಯಾರಿ ಗೆಳೆಯ, ಬದಿಯಡ್ಕದಿಂದ ಬರುವ ಮಲಯಾಳಂ ಮನೆಮಾತಿನ ಗೆಳತಿ, ಮತ್ತೆ ನಾನು. ಮನೆಯಲ್ಲಿ ನಾನು ಮಾತಾಡುವುದು ಹವ್ಯಕ ಕನ್ನಡ, ಗೆಳೆಯರ ಜೊತೆ ತುಳು, ಬಸ್ಸಿನ ಕಂಡಕ್ಟರ್ ಜೊತೆ ಮಲಯಾಳಂ, ಬರೆಯುವುದು ನಿಮಗೆ ಗೊತ್ತಿರುವ ಈ ಕನ್ನಡ. ಸಪ್ತ ಭಾಷೆಗಳ ನಾಡು ಅಂತ ಭಾಷಣಗಳಲ್ಲಿ ಹೇಳುತ್ತಾರಲ್ಲ, ಅದು ಇಲ್ಲಿ ಬೆಳಗ್ಗೆಯಿಂದ ಸಂಜೆಯವರೆಗಿನ ಮಾತುಕತೆ, ಅಷ್ಟೇ.

ಬೈಲಿನಿಂದ ಹೊರಟರೆ ಮೊದಲು ಸಿಗುವುದು ಅಡಿಕೆ ತೋಟ. ಕಾಲುದಾರಿ ತೋಟದ ಒಳಗಿನಿಂದಲೇ ಹೋಗುತ್ತದೆ. ಬೇಲಿಯ ತಡಮೆ ದಾಟಿ ಒಳಗೆ ಕಾಲಿಡುವಾಗ ಒಂದು ಕೂ ಹಾಕಬೇಕು, ಮನೆಯವರಿಗೂ ನಾಯಿಗೂ ಗೊತ್ತಾಗಲಿ ಅಂತ. ಯಾರೂ ಬೇಡ ಅನ್ನುವುದಿಲ್ಲ, ಆದರೆ ಹೇಳದೆ ಹೋದರೆ ಬೇಜಾರು ಮಾಡಿಕೊಳ್ಳುತ್ತಾರೆ. ಈ ಸಮಯದಲ್ಲಿ ಅಡಿಕೆ ಸೋಗೆಯ ಮೇಲೆ, ಕೊಕ್ಕೋ ಎಲೆಯ ಮೇಲೆ, ಕೆಳಗಿನ ಹುಲ್ಲಿನ ಮೇಲೆಲ್ಲ ತಿಳಿನೀಲಿ ಚುಕ್ಕೆಗಳು ಕಾಣುತ್ತವೆ. ಅದು ಬೋರ್ಡೋ ದ್ರಾವಣ, ಮೈಲುತುತ್ತು ಮತ್ತು ಸುಣ್ಣ. ಮಳೆಗಾಲದಲ್ಲಿ ಕೊಳೆರೋಗ ಹತ್ತಿದರೆ ಎಳೆ ಅಡಿಕೆ ರಾಶಿಗಟ್ಟಲೆ ಉದುರುತ್ತದೆ. ಮಳೆ ಶುರುವಾಗುವ ಮೊದಲು ಒಮ್ಮೆ, ಆಮೇಲೆ ಮಧ್ಯೆ ಬಿಸಿಲು ಕಂಡಾಗ ಮತ್ತೊಮ್ಮೆ ಮದ್ದು ಬಿಡಲೇಬೇಕು. ಮರ ಹತ್ತಿ ಮದ್ದು ಬಿಡುವವರು ಈಗ ಸಿಗುವುದೇ ಕಷ್ಟ. ಹಾಗಾಗಿ ಕಾರ್ಬನ್ ಫೈಬರಿನ ಉದ್ದ ಕೋಲು, ಅಂದರೆ ದೋಟಿ, ಹಿಡಿದು ನೆಲದಲ್ಲೇ ನಿಂತು ಬಿಡುವ ಕ್ರಮ ಬಂದಿದೆ. ನೋಡಲು ಸುಲಭ, ಆದರೆ ಕತ್ತು ಮೇಲೆತ್ತಿಯೇ ನಿಂತು ಕೆಲಸ ಮಾಡುವವನ ಮುಖದ ಮೇಲೆ ಆ ನೀಲಿ ನೀರು ಇಡೀ ದಿನ ಬೀಳುತ್ತಿರುತ್ತದೆ.

ತೋಟ ಮುಗಿದು ಗುಡ್ಡೆಯ ಬರೆ ಹತ್ತಿದ ಕೂಡಲೇ ಮನೆಗಳು. ಮನೆಗಳ ಹಿಂದೆ ಸುರಂಗ. ಇದನ್ನು ನೀವು ನೋಡಲೇಬೇಕು. ಬಾಯಾರು, ಪೈವಳಿಕೆ ಕಡೆಯ ಹಳೆ ಮನೆಗಳಿಗೆ ನೀರು ಬಂದಿದ್ದು ಬಾವಿಯಿಂದಲ್ಲ, ಗುಡ್ಡೆಯ ಹೊಟ್ಟೆಗೆ ಅಡ್ಡಕ್ಕೆ ಕೊರೆದ ಇಂಥ ಸುರಂಗಗಳಿಂದ. ಒಬ್ಬ ಮನುಷ್ಯ ಬಗ್ಗಿ ಒಳಗೆ ಹೋಗುವಷ್ಟು ಅಗಲ, ಕೆಲವು ಹತ್ತಾರು ಅಡಿ, ಕೆಲವು ನೂರಾರು ಅಡಿ ಉದ್ದ. ಮೇಲಿನ ಮುರಕಲ್ಲು, ಅಂದರೆ ತೂತುತೂತಿನ ಕೆಂಪು ಕಲ್ಲು, ಮಳೆನೀರನ್ನು ಕುಡಿಯುತ್ತದೆ, ಕೆಳಗಿನ ಶೇಡಿ ಎಂಬ ಜೇಡಿಮಣ್ಣು ಅದನ್ನು ಇಳಿಯಲು ಬಿಡುವುದಿಲ್ಲ, ಆ ಎರಡರ ನಡುವಿನ ನೀರಿಗೆ ದಾರಿ ಮಾಡಿಕೊಡುವುದೇ ಸುರಂಗ ಅಗೆಯುವವರ ಕೆಲಸ. ಪಿಕ್ಕಾಸಿನಲ್ಲೇ ಅಗೆಯುತ್ತಾರೆ. ಜೊತೆಗೊಂದು ಮೊಂಬತ್ತಿ ಇಟ್ಟುಕೊಳ್ಳುತ್ತಾರೆ. ಅದು ನಂದಿದರೆ ಒಳಗೆ ಗಾಳಿ ಸಾಲದು ಅಂತ ಅರ್ಥ, ಕೂಡಲೇ ಹೊರಗೆ ಬರಬೇಕು. ಹಿಂದೆ ಹೊರಬಂದ ನೀರನ್ನು ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಅಂಗಳದ ತೊಟ್ಟಿಗೆ ಬಿಡುತ್ತಿದ್ದರು, ಈಗ ಪೈಪು. ಪಂಪು ಬೇಡ, ಕರೆಂಟು ಬೇಡ. ಗಡಿಯಾಚೆ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂತಲ್ಲ, ಅದು ಇದೇ ಕೆಲಸಕ್ಕೆ. ಕೂಲಿ ಕೆಲಸ ಮುಗಿಸಿ ಬಂದು ರಾತ್ರಿ ಒಬ್ಬರೇ ಅಗೆದರು. ಒಂದರ ಹಿಂದೆ ಒಂದು ಸುರಂಗದಲ್ಲಿ ನೀರು ಸಿಗದೇ ಹೋದರೂ ಬಿಡದೆ ಅಗೆದು, ಬೋಳು ಗುಡ್ಡೆಯಲ್ಲಿ ಅಡಿಕೆ ತೋಟ ಎಬ್ಬಿಸಿದರು. ಆ ಹೆಸರು ಹೇಳುವಾಗ ನಮಗೆ ನಿಜವಾಗಿ ಹೆಮ್ಮೆಯಾಗುತ್ತದೆ.

ಮನೆಗಳ ಮೇಲೆ ರಬ್ಬರ್. ಇಲ್ಲಿಗೆ ಬೆಳಗಿನ ಆರೂವರೆ ಒಳಗೆ ತಲುಪಬೇಕು. ಯಾಕೆಂದರೆ ತಂಪು ಇರುವಾಗಲೇ ಮರ ಚೆನ್ನಾಗಿ ಹಾಲು ಬಿಡುವುದು, ಬಿಸಿಲೇರಿದ ಹಾಗೆ ನಿಲ್ಲುತ್ತದೆ. ಟ್ಯಾಪಿಂಗ್ ಮಾಡುವ ಅಕ್ಕ ತಲೆಗೆ ಟಾರ್ಚು ಕಟ್ಟಿಕೊಂಡು ಆಗಲೇ ಅರ್ಧ ತೋಟ ಮುಗಿಸಿರುತ್ತಾರೆ. ಒಬ್ಬರಿಗೆ ದಿನಕ್ಕೆ ಮುನ್ನೂರರಷ್ಟು ಮರ. ಮೊದಲು ನಿನ್ನೆ ಮೊನ್ನೆಯ ಕಡಿತದಲ್ಲಿ ಒಣಗಿ ನಿಂತ ರಬ್ಬರ್ ಪಟ್ಟಿಯನ್ನು ಎಳೆದು ತೆಗೆದು ಚೀಲಕ್ಕೆ ಹಾಕುತ್ತಾರೆ. ಅದು ಒಟ್ಟುಪಾಲು, ಅದಕ್ಕೂ ರೇಟು ಇದೆ. ಆಮೇಲೆ ಕತ್ತಿಯನ್ನು ಎಡದ ಮೇಲ್ತುದಿಗೆ ಇಟ್ಟು ಬಲಕ್ಕೆ ಕೆಳಗೆ ಎಳೆಯುತ್ತಾರೆ. ಒಂದು ಮಿಲಿಮೀಟರಿನಷ್ಟು ತೆಳು ಸಿಪ್ಪೆ ಸುರುಳಿಯಾಗಿ ಬೀಳುತ್ತದೆ. ಕಡಿದ ಜಾಗದಲ್ಲಿ ಮೊದಲು ಚುಕ್ಕೆ ಚುಕ್ಕೆ ಬಿಳಿ, ನೋಡ್ತಾ ನೋಡ್ತಾ ಚುಕ್ಕೆಗಳು ಕೂಡಿ ಗೆರೆಯಾಗಿ, ಗೆರೆ ಇಳಿದು ತಗಡಿನ ತುದಿಯಿಂದ ತೆಂಗಿನ ಗೆರಟೆಗೆ ಬೀಳಲು ಶುರುವಾಗುತ್ತದೆ. ಕತ್ತಿ ಸ್ವಲ್ಪ ಆಳ ಹೋದರೆ ಮರಕ್ಕೆ ಗಾಯ, ಆ ಜಾಗದ ತೊಗಟೆ ಮತ್ತೆ ಸಮ ಬೆಳೆಯುವುದಿಲ್ಲ. ತೊಗಟೆಯ ಮೇಲ್ಮೇಲಷ್ಟೇ ಹೋದರೆ ಹಾಲಿಲ್ಲ. ಆ ಕೈಯ ಹದವನ್ನು ಹತ್ತಿರ ನಿಂತು ನೋಡಿ. ಸುಮ್ನೆ ಕೆಲಸದವರು ಅಂತ ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ.

ಮಳೆಗಾಲದಲ್ಲಿ ಕಡಿತದ ಮೇಲ್ಗಡೆ ಪ್ಲಾಸ್ಟಿಕ್ ಕಟ್ಟಿರುತ್ತಾರೆ. ಇಲ್ಲದಿದ್ದರೆ ಹಾಲಿನ ಜೊತೆ ನೀರೂ ಗೆರಟೆ ಸೇರುತ್ತದೆ. ಸಂಗ್ರಹಿಸಿದ ಹಾಲಿಗೆ ಆಸಿಡ್ ಹಾಕಿ ಟ್ರೇಯಲ್ಲಿ ಗಟ್ಟಿ ಮಾಡಿ, ರೋಲರಿನಲ್ಲಿ ಒತ್ತಿ, ಹೊಗೆಮನೆಯಲ್ಲಿ ಒಣಗಿಸಿದರೆ ಶೀಟು. ಗಿಡ ನೆಟ್ಟು ಏಳು ವರ್ಷ ಕಾದ ಮೇಲೆ ಈ ಆದಾಯ. 2011ರಲ್ಲಿ ರೇಟು ಕಿಲೋಗೆ 200 ರೂಪಾಯಿಗಿಂತ ಮೇಲಿತ್ತು. ಆಗ ಗೇರು ಕಡಿದು, ಗುಡ್ಡೆ ಸವರಿ ರಬ್ಬರ್ ಇಟ್ಟವರು ತುಂಬಾ ಜನ. ಅವರ ಮರ ಟ್ಯಾಪಿಂಗಿಗೆ ಬರುವ ಮೊದಲೇ, 2016ರ ಆರಂಭದಲ್ಲಿ, ರೇಟು 100ರ ಕೆಳಗೆ ಇಳಿಯಿತು. ಆಗ ಕೆಲವರು ಮರ ಕಡಿಯದೆ ಟ್ಯಾಪಿಂಗ್ ನಿಲ್ಲಿಸಿದರು, ಕೆಲವರು ಕಡಿದು ರಂಬುಟಾನ್, ಮ್ಯಾಂಗೊಸ್ಟೀನ್ ನೆಟ್ಟರು. ದಾರಿಯಲ್ಲಿ ಬಲೆ ಹೊದೆಸಿದ ಮರಗಳು ಕಾಣುತ್ತವಲ್ಲ, ಅವು ರಂಬುಟಾನ್. ಬಾವಲಿಗೂ ಹಕ್ಕಿಗೂ ಹಣ್ಣಿನ ಸುದ್ದಿ ನಮಗಿಂತ ಮೊದಲೇ ಗೊತ್ತಾಗುತ್ತದೆ. ಕೆಂಪು ಕೂದಲಿನ ಸಿಪ್ಪೆ ಉಗುರಲ್ಲಿ ಸೀಳಿ ಬಾಯಿಗೆ ಹಾಕಿಕೊಂಡರೆ, ಅಷ್ಟು ಹೊತ್ತು ನಡೆದ ಬಾಯಾರಿಕೆ ಹೋಗುತ್ತದೆ. ಮನೆಯವರು ಕೊಟ್ಟರೆ ತಿನ್ನಿ, ನೀವಾಗಿಯೇ ಕೀಳಬೇಡಿ.

ರಬ್ಬರಿನ ಬಗ್ಗೆ ನಮ್ಮೊಳಗೇ ಜಗಳ ಇದೆ. ಮಾಸ್ಟ್ರು ಹೇಳುವುದು, ರಬ್ಬರ್ ಬಾರದಿದ್ದರೆ ಎಷ್ಟೋ ಮನೆಯ ಮಕ್ಕಳು ಕಾಲೇಜು ನೋಡುತ್ತಿರಲಿಲ್ಲ ಅಂತ. ನಿಜ. ತಿರುವಾಂಕೂರಿನಿಂದ ಬಂದು ಜಿಲ್ಲೆಯ ಪೂರ್ವದ ಬೆಟ್ಟಗಳಲ್ಲಿ ನೆಲೆಸಿದ ಕುಟುಂಬಗಳು, ಸುಳ್ಯ ಕಡೆಯ ಸರ್ಕಾರಿ ರಬ್ಬರ್ ತೋಟಗಳಲ್ಲಿ 1964ರ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದು ಬದುಕು ಕಟ್ಟಿದ ತಮಿಳರು, ಎಲ್ಲರಿಗೂ ಅನ್ನ ಕೊಟ್ಟದ್ದು ಇದೇ ಮರ. ಆದರೆ ನನಗೆ ಕುಂಟಾಲ, ಪುನರ್ಪುಳಿ, ಕಾಟುಮಾವಿನಂಥ ಕಾಡುಹಣ್ಣಿನ ಮರಗಳಿದ್ದ ಗುಡ್ಡೆಯೂ ಬೇಕು. ರಬ್ಬರಿನ ಅಡಿಯಲ್ಲಿ ಒಂದೇ ಎಲೆ, ಒಂದೇ ನೆರಳು. ಬೇಸಿಗೆಯ ಮೊದಲ ಮಳೆ ಬಿದ್ದಾಗ ಆ ಒಣ ಎಲೆಯಿಂದ ಕಪ್ಪು ಮುಪ್ಲಿ ಹುಳಗಳು ಎದ್ದು ಲಕ್ಷಗಟ್ಟಲೆ ಮನೆಯ ಛಾವಣಿಗೆ ಬರುತ್ತವೆ. ಮೈಗೆ ತಾಗಿದರೆ ಉರಿ. ಆ ಸಮಯದಲ್ಲಿ ಲೈಟು ಆರಿಸಿ ಊಟ ಮಾಡುವ ಮನೆಗಳಿವೆ.

ಇನ್ನೂ ಮೇಲೆ ಗೇರು. ಗೇರುತೋಟ ಅಂದರೆ ನಮ್ಮ ಕಡೆಯವರ ಮಾತು ನಿಧಾನವಾಗುತ್ತದೆ. ಎಣ್ಮಕಜೆ ಪಂಚಾಯತಿನ ಪಡ್ರೆ, ಸ್ವರ್ಗ ಮೊದಲಾದ ಊರುಗಳ ಗುಡ್ಡೆಗಳಲ್ಲಿದ್ದ ಸರ್ಕಾರಿ ಗೇರುತೋಟಗಳ ಮೇಲೆ ಎರಡು ದಶಕದಷ್ಟು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದರು. ಅದು ನಿಂತಿದ್ದು 2000ದ ಸುಮಾರಿಗೆ, ದೇಶದಲ್ಲಿ ಸುಪ್ರೀಂ ಕೋರ್ಟ್ ತಡೆ ಹಾಕಿದ್ದು 2011ರಲ್ಲಿ. ನಾನು ಮೇಲೆ ಹೇಳಿದ ಸುರಂಗ, ತೊಟ್ಟಿ, ತೋಡು ಎಲ್ಲ ಅಂಥ ಗುಡ್ಡೆಗಳ ಕೆಳಗೇ ಇದ್ದವು ಎನ್ನುವುದನ್ನು ನೆನಪಿಟ್ಟುಕೊಳ್ಳಿ. ಗುಡ್ಡೆಯ ಮೇಲೆ ಸುರಿದದ್ದು ಅಡುಗೆಮನೆಗೆ ಇಳಿಯುತ್ತದೆ. ಹಾಸಿಗೆ ಹಿಡಿದ ಮಕ್ಕಳನ್ನು ನೋಡಿಕೊಳ್ಳುತ್ತಾ ಆಯುಷ್ಯ ಕಳೆದ ತಾಯಂದಿರು ಇಲ್ಲಿದ್ದಾರೆ. ಅವರ ಬಗ್ಗೆ ಕೇಳಿ, ಓದಿ. ಆದರೆ ಕ್ಯಾಮೆರಾ ಹಿಡಿದು ಅವರ ಮನೆಗೆ ಹೋಗಬೇಡಿ.

ಅಲ್ಲಿಂದ ಮೇಲೆ ಮುರಕಲ್ಲಿನ ಅಡ್ಕ, ಅಂದರೆ ಬಯಲು, ಮತ್ತೆ ಹುಲ್ಲು. ಕಲ್ಲಿನ ತಗ್ಗುಗಳಲ್ಲಿ ಮಳೆನೀರು ನಿಂತಿರುತ್ತದೆ. ಅದರ ಅಂಚಿಗೆ ಸಾಸಿವೆಯಷ್ಟೇ ದೊಡ್ಡ ಬಿಳಿ ಹೂಗಳು, ನಡುವೆ ಕಡುನೀಲಿ ಹೂಗಳು. ನೀಲಿ ಹೂ ನಮ್ಮ ಬದಿಯಡ್ಕದ ಗೆಳತಿಗೆ ಕಾಕ್ಕಪ್ಪೂ, ಓಣಂನ ಹೂವಿನ ರಂಗೋಲಿ ಪೂಕಳಕ್ಕೆ ಅಂತ ಚಿಕ್ಕವಳಿದ್ದಾಗ ಕೀಳುತ್ತಿದ್ದಳಂತೆ. ಬುಡದ ಹತ್ತಿರದ ಪುಟ್ಟ ಚೀಲಗಳಲ್ಲಿ ಹುಳ ಹಿಡಿದು ತಿನ್ನುವ ಗಿಡ ಅದು. ಈಗ ಯಾರೂ ಕೀಳುವುದಿಲ್ಲ, ನೋಡುತ್ತೇವೆ. ದಯವಿಟ್ಟು ಆ ಕಲ್ಲಿನ ಮೇಲೆ ಬೈಕು ಹತ್ತಿಸಬೇಡಿ, ಒಂದು ಚಕ್ರದ ಗೆರೆ ಮಳೆಗಾಲ ಮುಗಿಯುವವರೆಗೂ ಹೋಗುವುದಿಲ್ಲ.

ತುದಿಯಲ್ಲಿ ಬುತ್ತಿ ಬಿಚ್ಚುತ್ತೇವೆ. ನಮ್ಮ ಮನೆಯಿಂದ ಪತ್ರೊಡೆ, ಬ್ಯಾರಿ ಗೆಳೆಯನ ಮನೆಯಿಂದ ಅಕ್ಕಿ ಪತ್ತಿರಿ, ಮಾಸ್ಟ್ರು ಯಾವಾಗಲೂ ತರುವ ಮಿಡಿ ಉಪ್ಪಿನಕಾಯಿ. ಮೋಡ ಸರಿದರೆ ಪಶ್ಚಿಮಕ್ಕೆ ಸಮುದ್ರ, ಪೂರ್ವಕ್ಕೆ ಘಟ್ಟದ ಸಾಲು, ಉತ್ತರಕ್ಕೆ ಮಂಗಳೂರು. ನಿಮ್ಮ ಮೊದಲ ಪ್ರಶ್ನೆಗೆ ಇಲ್ಲಿ ಕೂತರೆ ಉತ್ತರ ಸುಲಭ. 1956ರ ನವೆಂಬರ್ 1ರವರೆಗೆ ಇದೆಲ್ಲ ಒಂದೇ ದಕ್ಷಿಣ ಕನ್ನಡ ಜಿಲ್ಲೆ. ಆಮೇಲೆ ನಾವು ಕೇರಳ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಲಿ ಅಂತ 1967ರಲ್ಲಿ ಗಡಿ ವಿವಾದದ ಮಹಾಜನ್ ಆಯೋಗ ಹೇಳಿತು. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಅದಕ್ಕಾಗಿ ಕೊನೆವರೆಗೂ ದನಿ ಎತ್ತಿದರು. ಆಗಲಿಲ್ಲ. ನಮ್ಮ ರೇಶನ್ ಕಾರ್ಡು, ಓಟು, ಪಂಚಾಯತು ಈ ಕಡೆ. ದೊಡ್ಡ ಆಸ್ಪತ್ರೆ, ಮಕ್ಕಳ ಕಾಲೇಜು, ಎಷ್ಟೋ ಮನೆಗಳ ನೆಂಟಸ್ತಿಕೆ ಆ ಕಡೆ. ಅಡಿಕೆಯ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಮಾತ್ರ 1973ರಿಂದ ಎರಡೂ ರಾಜ್ಯದ ಬೆಳೆಗಾರರಿಗೆ ಸೇರಿದ್ದು. 2020ರ ಮಾರ್ಚಿನಲ್ಲಿ ಕೋವಿಡ್ ಅಂತ ಗಡಿ ಮುಚ್ಚಿ, ಒಳರಸ್ತೆಗಳಿಗೆ ಮಣ್ಣು ಸುರಿದಾಗ, ಮಂಗಳೂರಿಗೆ ತಲುಪಲಾಗದೆ ಜೀವ ಬಿಟ್ಟ ರೋಗಿಗಳಿದ್ದಾರೆ. ಗಡಿನಾಡು ಅಂದರೆ ಏನು ಅಂತ ಕೇಳುವವರಿಗೆ ನಾನು ಭಾಷೆಗಿಂತ ಮೊದಲು ಹೇಳುವುದು ಆ ದಿನಗಳ ಬಗ್ಗೆ.

ಬರುವುದಾದರೆ ಹೀಗೆ ಮಾಡಿ. ರೈಲಿನಲ್ಲಿ ಕುಂಬಳೆ ಅಥವಾ ಉಪ್ಪಳಕ್ಕೆ ಬನ್ನಿ, ಅಲ್ಲಿಂದ ಮುಂದೆ ನಾವು ಕರೆದುಕೊಂಡು ಹೋಗುತ್ತೇವೆ. ಸೋಣ ಆಗದಿದ್ದರೆ ನವೆಂಬರ್ ಒಳ್ಳೆಯದು. ಆಗ ರಬ್ಬರಿನಲ್ಲಿ ಹಾಲು ಜಾಸ್ತಿ, ಅಡಿಕೆ ಕೊಯ್ಲೂ ನೋಡಬಹುದು. ರಕ್ತ ಹೀರುವ ಉಂಬುಳಕ್ಕೆ ಹೆದರುವುದಾದರೆ ಸ್ವಲ್ಪ ಉಪ್ಪು, ಉದ್ದ ಕಾಲುಚೀಲ ಇರಲಿ. ಶನಿವಾರ ಸಂಜೆಯೇ ಬಂದುಬಿಡಿ, ರಾತ್ರಿ ನಮ್ಮಲ್ಲೇ ಉಳಿಯಿರಿ. ಬೆಳಗ್ಗಿನ ರೈಲಿಗೆ ಬಂದರೆ ಅಕ್ಕನ ಟ್ಯಾಪಿಂಗ್ ಮುಗಿದಿರುತ್ತದೆ.