ಏಳು ಸಾವಿರದ ಟ್ಯಾಬ್ಲೆಟ್ ಓದಿಗೆ ಆದೀತೇ?

ಮಗಳ ಪಿಯುಸಿ ಓದಿಗೆಂದು ಏಳು ಸಾವಿರ ರೂಪಾಯಿಯೊಳಗಿನ ಟ್ಯಾಬ್ಲೆಟ್ ಕೊಳ್ಳಬಹುದೇ ಎಂದು ಕೇಳಿದ್ದೀರಿ. 2021ರಲ್ಲಿ, ಆನ್‌ಲೈನ್ ತರಗತಿಗಳ ಕಾಲದಲ್ಲಿ, ನಾನೂ ಇದೇ ಲೆಕ್ಕ ಹಾಕಿ ಮಗನಿಗೆ 6,800 ರೂಪಾಯಿಗೆ ಎಂಟು ಇಂಚಿನದೊಂದನ್ನು ತಂದೆ. ಅದು ನಿಧಾನವೆಂಬುದು ನನ್ನ ದೂರಲ್ಲ, ಆ ಬೆಲೆಗೆ ಅದನ್ನು ಒಪ್ಪಿಕೊಂಡೇ ಕೊಂಡಿದ್ದೆ. ಬೇಕಾದ ಹೊತ್ತಿಗೆ ಕೈಕೊಡುತ್ತಿತ್ತು ಎಂಬುದೇ ದೂರು.

ಅದರಲ್ಲಿದ್ದ, ತೆರೆದ ಆ್ಯಪ್‌ಗಳನ್ನು ಹಿಡಿದಿಡುವ 2 ಜಿಬಿ ರ‍್ಯಾಮ್‌ನ ದೊಡ್ಡ ಪಾಲನ್ನು ಆಂಡ್ರಾಯ್ಡೇ ನುಂಗುತ್ತಿದ್ದುದರಿಂದ, ಮಗ ಪಾಠದ ವಿಡಿಯೊ ನಿಲ್ಲಿಸಿ ಪಿಡಿಎಫ್‌ನ 83ನೇ ಪುಟ ನೋಡಿ ಮರಳುವಷ್ಟರಲ್ಲಿ ವಿಡಿಯೊ ಆ್ಯಪ್ ಮುಚ್ಚಿಹೋಗಿರುತ್ತಿತ್ತು. ಅದನ್ನು ತೆರೆದು ಮತ್ತೆ ಪಿಡಿಎಫ್‌ಗೆ ಬಂದರೆ ಅದು ಮೊದಲ ಪುಟದಲ್ಲಿ ನಿಂತಿರುತ್ತಿತ್ತು. ಸಂಗ್ರಹ 32 ಜಿಬಿಯ ಇಎಂಎಂಸಿ, ಅಂದರೆ ಅಗ್ಗದ ಸಾಧನಗಳಲ್ಲಿ ಫೈಲುಗಳನ್ನು ಉಳಿಸಿಡುವ ಮೆಮೊರಿ ಚಿಪ್. ಇಂಥ ಫ್ಲ್ಯಾಶ್ ಮೆಮೊರಿ ತುಂಬುತ್ತಾ ಬಂದಂತೆ, ಹಳೆಯದನ್ನು ಅಳಿಸಿ ಜಾಗ ಮಾಡಿಕೊಂಡ ಮೇಲೆಯೇ ಹೊಸದನ್ನು ಬರೆಯಬೇಕಾಗುವುದರಿಂದ, ಒಂದು ಫೋಟೊ ಉಳಿಸುವುದಕ್ಕೂ ಪರದೆ ಸ್ತಬ್ಧವಾಗುತ್ತಿತ್ತು.

ಇವನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಚಾರ್ಜಿಂಗ್. ಆರೇ ತಿಂಗಳಿಗೆ ಮೈಕ್ರೊ ಯುಎಸ್‌ಬಿ ಪಿನ್ ಸಡಿಲವಾಗಿ, ಕೇಬಲ್ಲನ್ನು ಓರೆ ಮಾಡಿ ರಬ್ಬರ್ ಬ್ಯಾಂಡ್ ಸುತ್ತಿದರಷ್ಟೇ ಚಾರ್ಜ್ ಆಗುತ್ತಿತ್ತು. ಹಾಗೆ ಚಾರ್ಜಿಗೆ ಹಾಕಿಕೊಂಡು ಆನ್‌ಲೈನ್ ಪರೀಕ್ಷೆ ಬರೆಯುತ್ತಿದ್ದಾಗ ಯಾರೂ ಮುಟ್ಟದೆಯೇ ಪರದೆ ತಾನಾಗಿ ಒತ್ತಿಕೊಳ್ಳತೊಡಗಿತು. 'ಅ' ಉತ್ತರ ಆರಿಸಿದರೆ 'ಇ'ಗೆ ಗುರುತು ಬೀಳುತ್ತಿತ್ತು. ಮನೆಯವರೆಲ್ಲ ವೈರಸ್ ಎಂದುಕೊಂಡೆವು. ಅಸಲಿಗೆ, ಬೆರಳು ತಾಗಿದಾಗಿನ ಸೂಕ್ಷ್ಮ ವಿದ್ಯುತ್ ಬದಲಾವಣೆಯನ್ನೇ ಪರದೆ ಸ್ಪರ್ಶವೆಂದು ಗುರುತಿಸುವುದರಿಂದ, ಕಳಪೆ ಚಾರ್ಜರ್‌ನಿಂದ ಹರಿದುಬರುವ ವಿದ್ಯುತ್ ಗದ್ದಲವೂ ಅದಕ್ಕೆ ಬೆರಳಿನಂತೆಯೇ ಕಾಣುತ್ತದೆ. ಚಾರ್ಜರ್ ಬದಲಿಸಿದ ಮೇಲೆ ಕಾಟ ನಿಂತಿತು, ಆದರೆ ಪರೀಕ್ಷೆ ಮುಗಿದುಹೋಗಿತ್ತು.

ಹದಿನಾಲ್ಕನೇ ತಿಂಗಳಲ್ಲಿ, ಅಂದರೆ ವಾರಂಟಿ ಮುಗಿದ ಎರಡು ತಿಂಗಳಿಗೆ, ಅದು ಏಳಲೇ ಇಲ್ಲ. ಸರ್ವಿಸ್ ಸೆಂಟರಿನ ಹುಡುಗ "ಸರ್, ಬೋರ್ಡೇ ಹೋಗಿದೆ, 4,200 ಆಗುತ್ತೆ" ಎಂದ. ನಾನು ರಿಪೇರಿ ಮಾಡಿಸಲಿಲ್ಲ. ಒಂದು ವರ್ಷದ ಟಿಪ್ಪಣಿಗಳು ಅದರೊಳಗೇ ಉಳಿದವು.

ಆದ್ದರಿಂದ, ಸಾಧ್ಯವಾದರೆ ಇನ್ನಷ್ಟು ಹಣ ಸೇರಿಸಿ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹ ಹಾಗೂ ಟೈಪ್-ಸಿ ಪಿನ್ ಇರುವುದನ್ನು ಕೊಳ್ಳಿ. ಏಳು ಸಾವಿರದ್ದೇ ಅನಿವಾರ್ಯವಾದರೆ ಆನ್‌ಲೈನಿನಲ್ಲಿ ತರಿಸದೆ ಅಂಗಡಿಗೆ ಹೋಗಿ, ಪೆಟ್ಟಿಗೆಯಲ್ಲಿ ಬಂದ ಚಾರ್ಜರನ್ನೇ ಚುಚ್ಚಿಸಿ, ಅಂಗಡಿಯವರು ಮುಖ ಸಿಂಡರಿಸಿದರೂ ಹತ್ತು ನಿಮಿಷ ಕನ್ನಡದಲ್ಲಿ ಟೈಪ್ ಮಾಡಿ ನೋಡಿ.