ಏರಿನಲ್ಲಿ ಕಾರು ಹಿಂದಕ್ಕೆ ಜಾರುತ್ತದೆ. ತಿಂಗಳು ತುಂಬಿದ ಕೂಡಲೇ ಡಿಎಲ್ ಪರೀಕ್ಷೆಗೆ ಹೋಗಬಹುದೇ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಮದುವೆಯಾಗಿ ಚಿಕ್ಕಮಗಳೂರಿಗೆ ಬಂದಿದ್ದೀರಿ, ತವರು ಬೆಳ್ತಂಗಡಿ. ಏಪ್ರಿಲ್‌ನಲ್ಲಿ ಎಲ್‌ಎಲ್‌ಆರ್ (ಕಲಿಯುವವರ ಪರವಾನಗಿ) ಸಿಕ್ಕಿದೆ. ಡ್ರೈವಿಂಗ್ ಶಾಲೆಯವರು ಮೂವತ್ತು ದಿನ ತುಂಬಿದ ಮರುದಿನವೇ ಪರೀಕ್ಷೆಗೆ ಕರೆದೊಯ್ಯುತ್ತೇವೆ ಎನ್ನುತ್ತಿದ್ದಾರೆ. ಆದರೆ ಏರಿನಲ್ಲಿ ನಿಂತು ಹೊರಡುವಾಗ ಕಾರು ಹಿಂದಕ್ಕೆ ಜಾರುತ್ತದೆ. ಪರೀಕ್ಷೆಗೆ ಹೋಗಲೇ? ಚಾರ್ಮಾಡಿ ಘಾಟಿಯಲ್ಲಿ ನಾನೇ ಓಡಿಸಿಕೊಂಡು ತವರಿಗೆ ಹೋಗುವುದು ಯಾವಾಗ?

ಈಗಲೇ ಹೋಗಬೇಡಿ. ಎಲ್‌ಎಲ್‌ಆರ್‌ಗೆ ಆರು ತಿಂಗಳ ಅವಧಿ ಇದೆ. ಮೂವತ್ತು ದಿನ ಎಂಬುದು ಪರೀಕ್ಷೆಗೆ ಮುನ್ನ ಕಾಯಲೇಬೇಕಾದ ಕನಿಷ್ಠ ಕಾಲ, ಅಷ್ಟೇ. ಅದನ್ನೇ ಮುಹೂರ್ತ ಎಂಬಂತೆ ಎಲ್ಲರೂ ಹಿಡಿದುಕೊಳ್ಳುತ್ತಾರೆ. ಬಯಲುಸೀಮೆಯವರಿಗೆ ಅದು ನಡೆದೀತು. ನಮ್ಮ ಕಡೆ ಏಪ್ರಿಲ್‌ನಲ್ಲಿ ಎಲ್‌ಎಲ್‌ಆರ್ ತೆಗೆದುಕೊಂಡವರು ನಿಜಕ್ಕೂ ಅದೃಷ್ಟವಂತರು: ಮೇ ತಿಂಗಳ ಒಣ ರಸ್ತೆ, ಜೂನ್‌ನ ಮೊದಲ ಮಳೆ, ಜುಲೈ-ಆಗಸ್ಟ್‌ನ ಮಂಜು ಎಲ್ಲವೂ ಒಂದೇ ಎಲ್‌ಎಲ್‌ಆರ್ ಅವಧಿಯಲ್ಲಿ ಸಿಗುತ್ತವೆ, ಅದೂ ಪಕ್ಕದಲ್ಲಿ ಬಲ್ಲವರೊಬ್ಬರು ಕುಳಿತಿರುವಾಗ. ಡಿಎಲ್ ಕೈಗೆ ಬಂದ ಮೇಲೆ ಪಕ್ಕದ ಸೀಟಿನಲ್ಲಿ ಯಾರೂ ಇರುವುದಿಲ್ಲ. ಇದ್ದರೂ ಮೊಬೈಲ್ ನೋಡುತ್ತಿರುತ್ತಾರೆ.

ಹಾಗೆಂದು ಕೊನೆಯ ವಾರದವರೆಗೂ ಎಳೆಯಬೇಡಿ. ಆರು ತಿಂಗಳು ಮುಗಿದರೆ ಹೊಸದಾಗಿ ಎಲ್‌ಎಲ್‌ಆರ್ ಮಾಡಿಸಬೇಕು. ಫೇಲಾದರೆ ಏಳು ದಿನ ಬಿಟ್ಟು ಮತ್ತೆ ಹೋಗಬಹುದು. ಮೂರು ಸಲ ಫೇಲಾದರೆ ಅರವತ್ತು ದಿನ ಕಾಯಬೇಕು. ಆದ್ದರಿಂದ ಆಗಸ್ಟ್ ಹೊತ್ತಿಗೆ ಸರ್ಕಾರದ ಸಾರಥಿ ಜಾಲತಾಣದಲ್ಲಿ ಪರೀಕ್ಷೆಯ ಸ್ಲಾಟ್ ಕಾಯ್ದಿರಿಸಿದರೆ ಸರಿಹೋಗುತ್ತದೆ.

ಶಾಲೆಯ ಬಗ್ಗೆ ನನಗೆ ದ್ವೇಷವಿಲ್ಲ. ಸ್ಟಿಯರಿಂಗ್ ಹಿಡಿಯುವ ಭಯ ಹೋಗುವುದು ಅಲ್ಲಿಯೇ. ನಿಯಮದ ಪ್ರಕಾರ ಕಾರಿನ ತರಬೇತಿ ಕನಿಷ್ಠ 21 ದಿನ, ಅದರಲ್ಲಿ ನೀವೇ ಓಡಿಸುವುದು ಕನಿಷ್ಠ 10 ಗಂಟೆ ಇರಬೇಕು. ಒಂದೇ ಕಾರಿನಲ್ಲಿ ನಾಲ್ವರನ್ನು ಕೂರಿಸಿಕೊಂಡು ಹೋದರೆ ನಿಮ್ಮ ಪಾಲಿಗೆ ಎಷ್ಟು ಬಂತು ಎಂದು ಲೆಕ್ಕ ಹಾಕಿ ನೋಡಿ. ಇನ್ನೊಂದು ಸಂಗತಿ: ಶಾಲೆಯ ಕಾರಿನಲ್ಲಿ ಕಲಿಸುವವರ ಕಾಲಿನ ಕೆಳಗೂ ಕ್ಲಚ್, ಬ್ರೇಕ್ ಇರುತ್ತವೆ. ಇಂದಿರಾ ಗಾಂಧಿ ರಸ್ತೆಯ ಜನಸಂದಣಿಯಲ್ಲಿ ನೀವು ಚೆನ್ನಾಗಿ ನಿಭಾಯಿಸಿದಿರಿ ಎಂದುಕೊಂಡಾಗ ಅರ್ಧ ಕೆಲಸ ಮಾಡಿದ್ದು ಅವರ ಕಾಲು. ಮನೆಯ ಕಾರಿನಲ್ಲಿ ಏರು ಹತ್ತುವಾಗ ಅದು ಜಾರಲು ಇದೇ ಕಾರಣ ಇರಬಹುದು.

ಹಾಗಾಗಿ ಶಾಲೆ ಮುಗಿದ ಮೇಲೆ ಮನೆಯ ಹಳೆಯ ಕಾರಿನಲ್ಲಿ ಕಲಿಯಿರಿ. ಪಕ್ಕದಲ್ಲಿ ಕುಳಿತವರಿಗೆ ಡಿಎಲ್ ಇರಲೇಬೇಕು, ಬೇಕೆಂದಾಗ ಗಾಡಿ ನಿಲ್ಲಿಸುವ ಹಾಗೆ ಅವರು ಕುಳಿತಿರಬೇಕು. ಅಂದರೆ ಅವರ ಕೈ ಹ್ಯಾಂಡ್ ಬ್ರೇಕಿನ ಹತ್ತಿರ ಇರಲಿ. ಮುಂದೆ, ಹಿಂದೆ ಬಿಳಿ ಹಲಗೆಯ ಮೇಲೆ ಕೆಂಪು ‘ಎಲ್’ ಅಂಟಿಸಿ. ನಾಚಿಕೆ ಬೇಡ, ಅದನ್ನು ಕಂಡರೆ ಹಿಂದಿನವರು ಸ್ವಲ್ಪವಾದರೂ ದೂರ ಉಳಿಯುತ್ತಾರೆ. ಮೊದಲ ವಾರ ಕಡೂರಿನ ದಾರಿ ಹಿಡಿಯಿರಿ, ಅತ್ತ ಏರು ಕಡಿಮೆ. ಆಮೇಲೆ ಆಲ್ದೂರಿನ ಕಡೆ. ಶನಿವಾರ, ಭಾನುವಾರ ಕೈಮರದಿಂದ ಮೇಲಕ್ಕೆ ಮಾತ್ರ ಹೋಗಬೇಡಿ. ಮುಳ್ಳಯ್ಯನಗಿರಿಗೆ ಬರುವ ಪ್ರವಾಸಿಗರಲ್ಲಿ ಎಷ್ಟೋ ಮಂದಿಗೆ ಘಾಟಿ ರಸ್ತೆಯ ಅಭ್ಯಾಸವೇ ಇರುವುದಿಲ್ಲ. ಕಲಿಯುವ ನೀವೂ ಕಲಿಯದ ಅವರೂ ಒಂದೇ ತಿರುವಿನಲ್ಲಿ ಎದುರಾಗುವುದು ಬೇಡ.

ಈಗ ಏರಿನ ವಿಷಯಕ್ಕೆ ಬರುತ್ತೇನೆ. ನಮ್ಮದು ಆಲ್ದೂರಿನ ಹತ್ತಿರ ಚಿಕ್ಕ ಕಾಫಿ ತೋಟ. ನಾನು ಕಾರು ಕಲಿತದ್ದು ಮಕ್ಕಳು ಶಾಲೆಗೆ ಹೋಗಲು ಶುರು ಮಾಡಿದ ಮೇಲೆ. ಕಲಿಸಿದವರು ಪಕ್ಕದ ತೋಟದ ಜೀಪ್ ಓಡಿಸುತ್ತಿದ್ದ ಹಿರಿಯರು, ಊರಿಗೆಲ್ಲ ಅಣ್ಣ. ಗೇಟಿನ ಕೆಳಗಿನ ಏರಿನ ನಡುವೆ ಕಾರು ನಿಲ್ಲಿಸಿಸಿ, ಹ್ಯಾಂಡ್ ಬ್ರೇಕ್ ಎಳೆಸಿ, ಇಳಿದು ಹೋಗಿ ಹಿಂದಿನ ಚಕ್ರದಿಂದ ಒಂದು ಗೇಣು ಬಿಟ್ಟು ದಪ್ಪ ಕಲ್ಲು ಇಟ್ಟು ಬರುತ್ತಿದ್ದರು. ಬಂದು ಕುಳಿತು, “ಈಗ ಆ ಕಲ್ಲಿಗೆ ತಾಗದ ಹಾಗೆ ಹೊರಡಿ ಅಮ್ಮಾ” ಎನ್ನುತ್ತಿದ್ದರು. ಟೈರು ಕಲ್ಲಿಗೆ ತಾಗಿದ್ದು ಸೀಟಿಗೇ ತಿಳಿಯುತ್ತದೆ. ತಾಗಿದರೆ ಮತ್ತೆ ಮೊದಲಿನಿಂದ.

ಮಾಡಬೇಕಾದದ್ದು ಇಷ್ಟು. ಮೊದಲ ಗೇರಿಗೆ ಹಾಕಿ, ಆಕ್ಸಿಲರೇಟರ್ ಅನ್ನು ಚೂರು ಒತ್ತಿ ಹಿಡಿದು ಕ್ಲಚ್ ಅನ್ನು ನಿಧಾನವಾಗಿ ಬಿಡುತ್ತಾ ಬನ್ನಿ. ಒಂದು ಹಂತದಲ್ಲಿ ಇಂಜಿನ್ ಸದ್ದು ತಗ್ಗುತ್ತದೆ, ಸ್ಟಿಯರಿಂಗ್ ಸಣ್ಣಗೆ ನಡುಗುತ್ತದೆ, ಬಾನೆಟ್ಟಿನ ಮೂತಿ ಒಂದು ಬೆರಳು ಮೇಲೇಳುತ್ತದೆ. ಎಡಗಾಲು ಅಲ್ಲಿಯೇ ನಿಲ್ಲಬೇಕು. ಹಾಫ್ ಕ್ಲಚ್ ಎನ್ನುವುದು ಇದನ್ನೇ. ಈಗ ಹ್ಯಾಂಡ್ ಬ್ರೇಕ್ ಬಿಟ್ಟರೆ ಕಾರು ಹಿಂದೆಯೂ ಹೋಗದೆ ಮುಂದೆಯೂ ಹೋಗದೆ ನಿಂತಿರುತ್ತದೆ. ಆಕ್ಸಿಲರೇಟರ್ ಇನ್ನಷ್ಟು ಒತ್ತಿದರೆ ಮುಂದೆ ಸರಿಯುತ್ತದೆ. ಕಾರು ಹೊರಟ ಖುಷಿಯಲ್ಲಿ ಎಡಗಾಲನ್ನು ಒಮ್ಮೆಲೇ ತೆಗೆದರೆ ಇಂಜಿನ್ ಆಫ್ ಆಗುತ್ತದೆ; ಎರಡು ಮಾರು ಹೋದ ಮೇಲೆ ತೆಗೆಯಿರಿ. ಆದರೆ ಹಾಫ್ ಕ್ಲಚ್ ಇರುವುದು ಹೊರಡುವುದಕ್ಕೆ, ನಿಂತು ಕಾಯುವುದಕ್ಕೆ ಅಲ್ಲ. ಏರಿನಲ್ಲಿ ಕಾಯಬೇಕಾದರೆ ಹ್ಯಾಂಡ್ ಬ್ರೇಕ್ ಹಾಕಿ, ಇಲ್ಲವಾದರೆ ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಬರುತ್ತದೆ.

ಪರೀಕ್ಷೆಯಲ್ಲೂ ಏರಿನಲ್ಲಿ ಜಾರದೆ ಹೊರಡುವುದು, ರಿವರ್ಸ್ ಹೋಗುವುದು ಇವೆ. ಇಷ್ಟು ಬಂದರೆ ಆರ್‌ಟಿಒ ಮೈದಾನದ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ. ಮೂಲ ಎಲ್‌ಎಲ್‌ಆರ್, ಗಾಡಿಯ ಆರ್‌ಸಿ, ವಿಮೆ, ಹೊಗೆ ತಪಾಸಣೆಯ ಪ್ರಮಾಣಪತ್ರ ಜೊತೆಗಿರಲಿ, ಕುಳಿತ ತಕ್ಷಣ ಸೀಟ್ ಬೆಲ್ಟ್ ಹಾಕಿ, ತಿರುಗುವ ಮುನ್ನ ಇಂಡಿಕೇಟರ್ ಹಾಕಿ. ಶಾಲೆಯವರು ಹೇಳುವ ಒಟ್ಟು ಮೊತ್ತ ಸರ್ಕಾರಿ ಶುಲ್ಕವಲ್ಲ ಎಂಬುದು ನೆನಪಿರಲಿ. ಕೇಂದ್ರದ ನಿಯಮದಲ್ಲಿರುವುದು ಒಂದು ವರ್ಗದ ವಾಹನದ ಪರೀಕ್ಷೆಗೆ 300 ರೂಪಾಯಿ, ಡಿಎಲ್‌ಗೆ 200 ರೂಪಾಯಿ.

ಪರೀಕ್ಷೆಯಲ್ಲಿ ಯಾರೂ ನೋಡದ, ಆದರೆ ಇಲ್ಲಿ ದಿನವೂ ಬೇಕಾಗುವ ವಿದ್ಯೆ ದಾರಿ ಬಿಡುವುದು. ಕಿರಿದಾದ ಗುಡ್ಡದ ರಸ್ತೆಯಲ್ಲಿ ಇಳಿಯುವವರು ನಿಂತು ಹತ್ತುವವರಿಗೆ ದಾರಿ ಕೊಡಬೇಕು ಎಂಬುದು ನಿಯಮ. ಎದುರಿಗೆ ಬಸ್ಸು ಬಂದರೆ ಮಾತ್ರ, ಅಗಲದ ಜಾಗ ಯಾರ ಹಿಂದೆ ಇದೆಯೋ ಅವರೇ ರಿವರ್ಸ್ ಹೋಗಬೇಕಾಗುತ್ತದೆ, ಸಾಮಾನ್ಯವಾಗಿ ಚಿಕ್ಕ ಗಾಡಿಯವರೇ. ತಿರುವಿನಲ್ಲಿ ರಿವರ್ಸ್ ಹೋಗುವುದನ್ನು ಈಗಲೇ ಅಭ್ಯಾಸ ಮಾಡಿ. ಮಳೆಗಾಲದಲ್ಲಿ ಡಾಂಬರಿನ ಅಂಚು ಬಿಟ್ಟು ಇಳಿಯುವ ಮುನ್ನ ಜೊತೆಯವರನ್ನು ಇಳಿಸಿ ನೋಡಿಸಿ. ಹುಲ್ಲಿನ ಕೆಳಗೆ ಗಟ್ಟಿ ನೆಲವಿದೆಯೋ ಚರಂಡಿಯಿದೆಯೋ ಒಳಗೆ ಕುಳಿತವರಿಗೆ ತಿಳಿಯುವುದಿಲ್ಲ.

ಮಂಜಿನಲ್ಲಿ ಹೈ ಬೀಮ್ ಹಾಕಬೇಡಿ. ಬೆಳಕು ಮಂಜಿಗೇ ಬಡಿದು ಕಣ್ಣಿಗೆ ವಾಪಸ್ ಬರುತ್ತದೆ. ಡಿಮ್ ಮಾಡಿ, ಎಡಗಡೆಯ ಬಿಳಿ ಗೆರೆ ಹಿಡಿದು ಹೋಗಿ, ಕುರುಡು ತಿರುವಿನಲ್ಲಿ ಹಾರ್ನ್ ಮಾಡಿ. ನಾಲ್ಕೂ ಇಂಡಿಕೇಟರ್ ಮಿನುಗಿಸಿಕೊಂಡು ಓಡಿಸುವವರನ್ನು ಅನುಕರಿಸಬೇಡಿ. ನೀವು ಎತ್ತ ತಿರುಗುತ್ತೀರಿ ಎಂಬುದೇ ಹಿಂದಿನವರಿಗೆ ಗೊತ್ತಾಗುವುದಿಲ್ಲ.

ಇನ್ನು ಚಾರ್ಮಾಡಿ. ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಯಾವ ಗೇರಿನಲ್ಲಿ ಹತ್ತಬೇಕಾಗುತ್ತದೆಯೋ ಅದೇ ಗೇರಿನಲ್ಲಿ ಇಳಿಯಬೇಕು. ವೇಗವನ್ನು ಇಂಜಿನ್ ತಡೆಯಲಿ, ಬ್ರೇಕ್ ಆಗಾಗ ಮಾತ್ರ. ಇಡೀ ಘಾಟಿ ಬ್ರೇಕ್ ಒತ್ತಿಕೊಂಡೇ ಇಳಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡಿ, ಇಂಜಿನ್ ಆಫ್ ಮಾಡಿ ಇಳಿಯುವ ಜಾಣರು ನಿಮ್ಮ ಮನೆಯಲ್ಲೂ ಇರಬಹುದು. ಇಂಜಿನ್ ನಿಂತರೆ ಬ್ರೇಕಿನ ಪೆಡಲ್ ಕಲ್ಲಾಗುತ್ತದೆ, ಸ್ಟಿಯರಿಂಗ್ ಬಿಗಿಯಾಗುತ್ತದೆ. ಅವರ ಮಾತು ಕೇಳಬೇಡಿ. ಜೋರು ಮಳೆಯ ದಿನಗಳಲ್ಲಿ ರಸ್ತೆ ತೆರೆದಿದೆಯೇ ಎಂದು ಕೇಳಿಕೊಂಡೇ ಹೊರಡಿ. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಆ ದಾರಿಯೇ ಮುಚ್ಚಿತ್ತು.

ಡಿಎಲ್ ಬಂದ ಮೇಲೆ, ಮಳೆ ಹಿಂದೆ ಸರಿದ ನವೆಂಬರ್‌ನಲ್ಲಿ, ವಾರದ ನಡುವಿನ ಒಂದು ದಿನ ಹೊರಡಿ. ಘಾಟಿಯ ಮೇಲ್ತುದಿಯ ಕೊಟ್ಟಿಗೆಹಾರದಿಂದ ಕೆಳಕ್ಕೆ ಯಜಮಾನರು ಓಡಿಸಲಿ, ಅವರು ಎಲ್ಲೆಲ್ಲಿ ಗೇರ್ ಇಳಿಸುತ್ತಾರೆ ಎಂದು ನೋಡುತ್ತಾ ಕುಳಿತಿರಿ. ತವರಿನಲ್ಲಿ ಉಂಡು, ಹಗಲು ಬೆಳಕು ಇರುವಾಗಲೇ ಬರುವ ದಾರಿಯಲ್ಲಿ ಘಾಟಿ ನೀವು ಹತ್ತಿಸಿ.